ದೊಡ್ಡ ಸಿದ್ದಪ್ಪನ ಮಗ

ಹಾಸನದ ಸಂತೇಪೇಟೆಯ ಹಿಂದೆ, ವಾಸುಪಾಲರ ಶೀತಲಗೃಹದಲ್ಲಿ
ಬಿತ್ತನೆ ಆಲೂಗಡ್ಡೆಯ ಲೆಕ್ಕ ಇಡುವುದು ನಾನಲ್ಲ,
ನಾನೂರು ಸಾಲಿನ ಒಂದು ಸ್ಕ್ರಿಪ್ಟು.
ಬರೆದವನು ಎಲಿಯಾಸ್. ಬರೆದು, ಕೈ ತೊಳೆದು,
ಆಲೂರಿನಲ್ಲಿ ಕೋಳಿ ಅಂಗಡಿ ಇಟ್ಟ.
ಅದು ಕೆಮ್ಮಿದಾಗ ಬೆನ್ನು ತಟ್ಟುವುದು ನನ್ನ ಕೆಲಸ.

ಮೊನ್ನೆ ರಾತ್ರಿ ಹೊಸ ಆವೃತ್ತಿ ಹಾಕಿದೆ.
ಬೆಳಿಗ್ಗೆ ಏಳಕ್ಕೇ ಫೋನು:
ಮೇಡಂ, ಕಟ್ಟಾಯದವರ ಚೀಲ
ಶಾಂತಿಗ್ರಾಮದವರ ಗಾಡಿ ಹತ್ತುತಾ ಇದೆ.

ನೂರಾ ಹನ್ನೆರಡನೇ ಸಾಲು. ಅಲ್ಲಿ
ಒಂದರ ಬೆನ್ನಿಗೊಂದು ಎರಡು ಡಾಲರ್ ಚಿಹ್ನೆ
(ಈ ಪೇಟೆಯಲ್ಲಿ ಯಾರೂ ಕಣ್ಣಾರೆ ಕಾಣದ ದುಡ್ಡು),
ಆಮೇಲೊಂದು ಹೆಸರು,
ಆಮೇಲೆ ಚೌಕದ ಆವರಣದೊಳಗೆ ಒಂದು ಅಂಕಿ.
ಹೆಸರಿನ ಹೊಟ್ಟೆಯಲ್ಲಿ ಇನ್ನೊಂದು ಹೆಸರಿದೆ,
ಅದನ್ನು ಕರೆ, ಎನ್ನುತ್ತದೆ ಸಾಲು.
ಎಲ್ಲಿಂದ ಶುರು ಮಾಡಲಿ ಎಂಬುದನ್ನು ಹೇಳುವುದಿಲ್ಲ.

ಹಳೆಯದು ಮೊದಲು ಅಂಕಿಯ ಖಾನೆಗೆ ಕೈ ಹಾಕಿ
ಸಿಕ್ಕ ಚೀಟಿಯ ಮೇಲಿದ್ದವನನ್ನು ಕೂಗುತ್ತಿತ್ತು.
ಹೊಸದು ಮೊದಲು ಕೂಗುತ್ತದೆ,
ಓ ಎಂದವನ ಖಾನೆಗೆ ಆಮೇಲೆ ಕೈ ಹಾಕುತ್ತದೆ.
ಒಂದಕ್ಷರ ಬದಲಾಗಿಲ್ಲ.
ದೋಷ ಎಂದು ಕೆಂಪಗೆ ಕಿರುಚಲೂ ಇಲ್ಲ,
ತಪ್ಪು ಉತ್ತರವನ್ನು ತಣ್ಣಗೆ, ಅದೇ ದನಿಯಲ್ಲಿ ಒಪ್ಪಿಸಿತು.

ವಾಸುಪಾಲರಿಗೆ ಹೇಗೆ ತಿಳಿಸಲಿ?
ದೊಡ್ಡ ಸಿದ್ದಪ್ಪನ ಮಗ ಅಂತೀವಲ್ಲ ಸಾರ್,
ಅದರಲ್ಲಿ ದೊಡ್ಡವನು ಸಿದ್ದಪ್ಪನೋ, ಮಗನೋ?
ಅವರು ಕನ್ನಡಕ ತೆಗೆದರು, ಒರೆಸಿದರು.
ಯಾವ ಸಿದ್ದಪ್ಪ? ದುದ್ದದವನಾ? ಬಾಕಿ ಎಷ್ಟಿದೆ?

ಹೊರಗೆ ಜಲಂಧರದ ಲಾರಿ, ಅದರ ಹಿಂದೆ ಟ್ರ್ಯಾಕ್ಟರುಗಳು,
ಮೊಳಕೆ ಕಣ್ಣು ಬಿಟ್ಟ ಗಡ್ಡೆಯ ವಾಸನೆ.
ಕಿಟಕಿಗೆ ಬಂದ ಅಜ್ಜಿಯ ಚೀಟಿ
ಎಲೆಯಡಿಕೆಯ ಸಂಚಿಯಲ್ಲಿ ನೆನೆದು ಶಾಯಿ ಹರಡಿತ್ತು.
ಯಾರ ಹೆಸರಲ್ಲಿದೆ ಅಜ್ಜಿ?
ನಮ್ ಕೆಂಚಿ ಅಪ್ಪುಂದು.
ಅವರ ಹೆಸರು?
ಸೆರಗು ಬಾಯಿಗೆ ಹೋಯಿತು.
ನಾನೆಂಗವ್ವ ಹೇಳ್ಲಿ? ಬೆಟ್ಟದ್ ಮ್ಯಾಲವ್ನಲ್ಲ, ಅವ್ನ್ ಹೆಸ್ರೇಯ.
ಯಾವ ಬೆಟ್ಟ?
ಯಾವ್ದು ಅಂದ್ರೆ? ನಮ್ದು.

ಜೇನುಕಲ್ಲಾದರೆ ಸಿದ್ದ, ಮಾಲೇಕಲ್ಲಾದರೆ ತಿಮ್ಮ.
ಎರಡು ಡಾಲರ್ ಸಾಲದು ಇವಳಿಗೆ, ಮೂರು ಬೇಕು:
ಮಗಳಿಂದ ಅಪ್ಪ, ಅಪ್ಪನಿಂದ ದೇವರು,
ದೇವರಿಂದ ಬೆಟ್ಟವಿಳಿದು ಮತ್ತೆ
ಮನೆಯ ಜಗುಲಿಯಲ್ಲಿ ಬೀಡಿ ಹಚ್ಚುವ ಒಬ್ಬ ಮನುಷ್ಯ.
ಐವತ್ತು ವರ್ಷ ಹೀಗೆ ಬಳಸಿಕೊಂಡೇ ಕರೆದಿದ್ದಾಳೆ,
ಒಂದು ಸಲವೂ ಬೇರೆಯವನು ಓ ಎಂದಿಲ್ಲ.

ನೀನೇ ಓದ್ಕೊಂಡ್ ಹೋಗವ್ವ, ಬಂದಾಗ ನಂಗೊತ್ತಾಯ್ತದೆ.
ಓದಿದೆ. ಚಿಕ್ಕಣ್ಣ. ಊಹೂಂ.
ಬೋರಲಿಂಗ. ಊಹೂಂ.
ಹಿಂದಿನವರು ಗೊಣಗಿದರು, ಹಮಾಲಿ ಗೌಸ್ ಬೀಡಿ ಆರಿಸಿ ಬಂದು ನಿಂತ.
ಇಪ್ಪತ್ತಾರು ಊಹೂಂ ಆದ ಮೇಲೆ ಒಂದು ಹೆಸರಿಗೆ
ಅಜ್ಜಿ ಏನೂ ಅನ್ನಲಿಲ್ಲ.
ಕಿಟಕಿಯ ಕಂಬಿಯನ್ನು ಉಗುರಿನಿಂದ ಕೆರೆಯುತ್ತ
ಹದಿನಾರರ ಹುಡುಗಿಯ ಹಾಗೆ ಬೇರೆ ಕಡೆ ನೋಡಿದಳು.
ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.
ಹನ್ನೆರಡು ಚೀಲ. ಸರಿಯಿತ್ತು.

ಆಮೇಲೆ ನೂರಾ ಹನ್ನೆರಡರಲ್ಲಿ
ಬಾಗಿದ ಕಂಸ ಎರಡು ಹಾಕಿದೆ,
ಮಗುವಿನ ತೊಟ್ಟಿಲಿಗೆ ಆಚೀಚೆ ದಿಂಬು ಇಟ್ಟ ಹಾಗೆ.
ಇನ್ನು ಯಾವ ಯಂತ್ರ ಓದಿದರೂ ಮೊದಲು ಇದು, ಆಮೇಲೆ ಅದು.
ಎಲಿಯಾಸ್‌ಗೆ ಅವೆರಡು ಗೀಟು ಯಾಕೆ ಬೇಡವಾಗಿದ್ದವೋ.
ಅವನಿಗೆ ತಾನು ಹೇಳುವುದು ಗೊತ್ತಿತ್ತಲ್ಲ, ಅದಕ್ಕೇ ಇರಬೇಕು.

ಚೀಲ ಏರಿಸಿ ಹೊರಡುವಾಗ ಅಜ್ಜಿ ತಿರುಗಿ ಕೇಳಿದಳು:
ನಿನ್ ಹೆಸ್ರೇನವ್ವ?
ನಾನು ಬಾಯಿ ತೆರೆಯುವುದರೊಳಗೆ ಗೌಸ್ ಅಂದ:
ಎಲಿಯಾಸ್ ಮೇಡಂ.
ಓ, ಎಂದಳು ಅಜ್ಜಿ, ಅಪ್ಪುನ್ ಹೆಸ್ರಾ, ಗಂಡುಂದಾ?