ಗಂಟು

ಮಂಡ್ಯ, ಗುತ್ತಲು ರಸ್ತೆ. ಫ್ರಿಜ್ಜಿನ ತಲೆಮೇಲೆ ರೂಟರು.
ಪಾಸ್‌ವರ್ಡು ಮೈದುನನ ಮಗಳ ಹೆಸರು,
ಕೀಲಿಕೈ ಮೈದುನನದು.

ಬೆಳಿಗ್ಗೆ ಇಡ್ಲಿ ಮುರಿಯುತ್ತ ಕೇಳಿದ:
"ಅತ್ಗೆ, ರಾತ್ರಿ ಎರಡ್ ಗಂಟೇಲಿ
ಯಾರ್ದೋ ಫೋನು ಎದ್ದಿತ್ತಲ್ಲ?"
ಚಟ್ನಿ ಬಡಿಸಿದೆ.

ಹುಡುಕಿದ್ದು ಒಂದೇ ಮಾತು.
ಎಡಗಡೆ, ಹುಣಸೆಬೀಜದಷ್ಟು, ನೋವಿಲ್ಲದ್ದು.
ಅಳಿಸಿದೆ. ಅಳಿಸಿದರೂ
ಆ ಡಬ್ಬಿಯ ಹೊಟ್ಟೆಯಲ್ಲಿ ಜಾಡು ಉಳಿಯುತ್ತದಂತೆ,
ಟೈಪಿಂಗ್ ಕಲಿಸುವ ರುಕ್ಸಾನಾ ಹೇಳಿದ್ದು.

ಬಚ್ಚಲಿಗೆ ಚಿಲಕವಿದೆ ಈ ಮನೆಯಲ್ಲಿ.
ಬೀರುವಿಗೂ.

ಸಂಜೆ ಟೆರೇಸಿನ ಸಿಂಟೆಕ್ಸ್ ಹಿಂದೆ ನಿಂತು
ವೈಫೈ ಆರಿಸಿದೆ.
ಡೈರಿಗೆ ಹಾಲು ಹಾಕಿದ ದುಡ್ಡಿನ ಡೇಟಾ,
ನನ್ನದೇ,
ದೊಡ್ಡಾಸ್ಪತ್ರೆಯ ಪುಟ ನಿಧಾನ ತೆರೆಯುತ್ತಿದೆ.
ಹೆಸರು? ವಯಸ್ಸು? ಜೊತೆಗೆ ಬರುವವರು?

ಕೆಳಗಿಂದ ಕೂಗು:
"ಅತ್ಗೆ, ನಿಮ್ ಫೋನು ನೆಟ್ಟಿಂದ ಬಿಟ್ಟೋಗದೆ!"

"ಒಣಗಿದ ಬಟ್ಟೆ ತಗೀತಾ ಇವ್ನಿ" ಅಂದೆ.