ಬಾಲವಿಲ್ಲದ ಕಡಲೆ

ಪೊನ್ನಂಪೇಟೆ ಹಾಸ್ಟೆಲಿನ ಊಟದ ಮನೆಯ ಗೋಡೆಗೆ
ಅಯ್ಯಣ್ಣ ಸರ್ ಅಂಟಿಸಿದ ಹಾಳೆ:
ಬೆಳಿಗ್ಗೆ ಆರಕ್ಕೆ, ಒಬ್ಬೊಬ್ಬರಿಗೆ ಒಂದು ಹಿಡಿ
ನೆನೆಸಿದ ಕಡಲೆಬೀಜ, ಐದು ಬಾದಾಮಿ.
ಇಪ್ಪತ್ತೆರಡು ಹೆಸರು. ನನ್ನದರ ಮುಂದೆ
ಕೆಂಪು ಶಾಯಿಯ ಅಡ್ಡಗೆರೆ, ಅಷ್ಟೆ.
ಬದಲಿಗೆ ಏನೆಂದು ಯಾರೂ ಬರೆದಿರಲಿಲ್ಲ.

ನಾಪೋಕ್ಲಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು.
ಗೆದ್ದ ಮ್ಯಾಚು, ಯಾರೋ ಹಂಚಿದ ಚಿಕ್ಕಿ,
ಒಂದೇ ಚೂರು, ಹಲ್ಲಿಗಂಟಿದ ಬೆಲ್ಲ.
ಮೊದಲು ತುಟಿ, ಆಮೇಲೆ ಕಣ್ಣು, ಆಮೇಲೆ
ಗಂಟಲೊಳಗೆ ಯಾರೋ ಪ್ಯಾಡು ಕಟ್ಟಿಕೊಂಡು ಅಡ್ಡ ಮಲಗಿದರು.
ಮಡಿಕೇರಿವರೆಗಿನ ತಿರುವುಗಳನ್ನು
ಜೀಪಿನ ಹಿಂದಿನ ಸೀಟಿನಲ್ಲಿ ಉಸಿರಿನಲ್ಲಿ ಎಣಿಸಿದೆ.
ಸೂಜಿ ಚುಚ್ಚಿದ ಡಾಕ್ಟರು ಅಂದರು:
ನಿನ್ನ ಮೈಯೂ ನಿನ್ನ ಹಾಗೇ ಗೋಲ್‌ಕೀಪರು ಮಗಳೇ,
ಚೆಂಡಲ್ಲದ್ದಕ್ಕೂ ಹಾರುತ್ತೆ.

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ:
ಈ ಗಾದೆ ವಿಸ್ತರಿಸಿ ಹತ್ತಕ್ಕೆ ಏಳು ಅಂಕ ತಗೊಂಡವಳು ನಾನು.
ಎರಡೂ ಇದ್ದು ಗಂಟಲಿಲ್ಲದವಳ ಬಗ್ಗೆ
ಮೇಷ್ಟ್ರು ಏನೂ ಹೇಳಿರಲಿಲ್ಲ.

ಅಡುಗೆಯ ಶಾಂತಚೇಚಿಗೆ
ಕನ್ನಡದ ಕಡಲೆಯೇ ಕಬ್ಬಿಣದ ಕಡಲೆ.
ಕಡಲೆ ಆಗುತ್ತಾ? ಆಗುತ್ತೆ.
ಹುರಿಗಡಲೆ? ಆಗುತ್ತೆ.
ಕಡಲೆಕಾಯಿ? ಅಯ್ಯೋ, ಬೇಡ.
ಕಡಲೆಹಿಟ್ಟು? ಆಗುತ್ತೆ.
ಕಡಲೆಎಣ್ಣೆ?
ಅಲ್ಲಿ ಇಬ್ಬರೂ ಸುಮ್ಮನಾದೆವು, ಬಾಣಲೆ ನೋಡಿದೆವು.
ಹದಿನೈದು ಲೀಟರಿನ ಡಬ್ಬ ಅವತ್ತೇ ಹಿಂಬಾಗಿಲಿನಿಂದ ಹೋಯಿತು.
ಚೇಚಿ ತನಗೆ ತಾನೇ ಕಾನೂನು ಮಾಡಿಕೊಂಡಳು:
ಬಾಲವಿಲ್ಲದ ಕಡಲೆ ಒಳಗೆ, ಬಾಲವಿದ್ದದ್ದು ಹೊರಗೆ.
ಹಿಟ್ಟಿನ ಬಾಲ ಬಾಲವಲ್ಲ.

ಮೊದಲ ವಾರ ಮೊಟ್ಟೆ. ಬರೀ ಮೊಟ್ಟೆ.
ಶುಕ್ರವಾರದ ಹೊತ್ತಿಗೆ ನಾನೇ ಕಾವಿಗೆ ಕೂರುವ ಹಾಗಿದ್ದೆ.
ಆಮೇಲೆ ಹುರುಳಿ ಮೊಳಕೆ; ಡಿಫೆಂಡರ್ ತನುಜ
ಬೆನ್ನ ಹಿಂದೆ ನಿಂತು ಕುದುರೆಯಂತೆ ಕೆನೆದಳು.
ಗೋಣಿಕೊಪ್ಪ ಸಂತೆಯಲ್ಲಿ ಮೊಯ್ದುಕಾಕನ ಹತ್ತಿರ
ಜಗಳಾಡಿ ಚೇಚಿ ತಂದದ್ದು ಒಣ ನೆತ್ತೋಲಿ.
ಕಾದ ತವೆಯಿಂದ ನೇರ ನನ್ನ ಬಾಯಿಗೆ,
ಕರುಂ.
ಕಡಲೆಬೀಜದ ಹಾಗೇ, ಕರುಂ.
ರುಚಿಯಲ್ಲ, ಆ ಸದ್ದೇ ನನ್ನಿಂದ ಹೋಗಿತ್ತು ಅನ್ನುವುದು
ಅಷ್ಟು ದಿನ ತಿಳಿದೇ ಇರಲಿಲ್ಲ.

ಲೆಫ್ಟ್ ವಿಂಗ್ ಚಿಮ್ಮಿಯ ಅಮ್ಮ
ಗದ್ದೆಬದುವಿನ ಬಿಲಕ್ಕೆ ಕೈಯಿಟ್ಟು ಹಿಡಿದ ಏಡಿ ಕಳಿಸಿದಳು.
ಚಿಕ್ಕಂದಿನಿಂದ ತಿಂದದ್ದೇ. ಆದರೂ
ಇಪ್ಪತ್ತೊಂದು ಜನ ಊಟ ಬಿಟ್ಟು ನನ್ನ ತುಟಿಯನ್ನೇ ನೋಡಿದರು,
ಸರ್ ಕೈಯಲ್ಲಿ ಸೂಜಿ, ಗೋಡೆ ಗಡಿಯಾರ ಟಿಕ್ ಟಿಕ್.
ನಾನು ಇನ್ನೊಂದು ಕೊಂಡಿ ಮುರಿದೆ.

ವಿರಾಜಪೇಟೆಯಲ್ಲಿ ದೊಡ್ಡಪ್ಪನ ಮಗಳ ಮದುವೆ.
ತುಪ್ಪದನ್ನದ ಮೇಲೆ ಗೋಡಂಬಿ ನಗುತ್ತಿತ್ತು, ದೂರ ಸರಿದೆ.
ಹಂಡೆಯ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ:
ಪಂದಿಕರಿಗೆ ಗೋಡಂಬಿ ಏನಾದರೂ ಅರೆದು ಹಾಕಿದ್ದೀರಾ?
ಸೌಟು ಎತ್ತಿದ ಭಟ್ಟ ನನ್ನ ಮುಖ ನೋಡಿದ.
ಪಂದಿಕರಿಗೆ? ಗೋಡಂಬಿ? ನೀನು ಯಾವ ಊರಿನವಳು?
ಅಷ್ಟು ಸಂತೋಷ ಕೊಟ್ಟ ಬೈಗುಳ ಇನ್ನೊಂದಿಲ್ಲ.
ಕಡಂಬುಟ್ಟಿನ ಜೊತೆ ಮೂರು ಸಲ ಹಾಕಿಸಿಕೊಂಡೆ.

ಈಗ ಗೋಡೆಯ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಜಾಗವಿಲ್ಲ.
ಯಾರ್ಯಾರದೋ ಕೈಬರಹ, ಪೆನ್ಸಿಲ್ಲು, ಸಾರಿನ ಕಲೆ.
ಅಲಸಂದೆ. ಪನ್ನೀರು. ನಾಟಿಕೋಳಿ (ಸರ್ ಕೊಡಿಸಿದರೆ).
ಹಲಸಿನ ಬೀಜ: ಇದೂ ಬೀಜ, ಆದರೆ ಪರವಾಗಿಲ್ಲ.

ತನುಜಳಿಗೆ ಚಿಕ್ಕಿ ಅಂದರೆ ಪ್ರಾಣ.
ಸೆಮಿಫೈನಲ್ಲಿನ ದಿನ ನೀರಿನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತು
ಅವಳು ಒಂದು ತುಂಡು ತಿನ್ನುತ್ತಿದ್ದದ್ದನ್ನು ಕಂಡೆ. ಮಾತಾಡಿಸಲಿಲ್ಲ.
ಬಾಯಿ ಮುಕ್ಕಳಿಸಿದಳು. ಸೋಪು ಹಚ್ಚಿ ಕೈ ತೊಳೆದಳು,
ಮೂಸಿ ನೋಡಿ ಮತ್ತೊಮ್ಮೆ ತೊಳೆದಳು,
ಅಂಗಿಗೆ ಒರೆಸಿಕೊಂಡು ಆಮೇಲಷ್ಟೇ
ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಬಂದಳು.