ನೀಲಿ ಗಾಜು

ಭದ್ರಾವತಿಯ ಕುಲುಮೆ ಆರಿದ ಮೇಲೆ
ನಮ್ಮ ಓಣಿಗೆ ಕತ್ತಲೆ ಬಂತು. ಅದರ ಹಿಂದೆ
ಮೆಲ್ಲಗೆ, ಸಂಬಳ ಕೇಳದೆ, ಚುಕ್ಕಿಗಳೂ ಬಂದವು.

ಕ್ವಾರ್ಟರ್ಸಿನ ತಾರಸಿಯಲ್ಲಿ ಶಾಲೆಯ ದೂರದರ್ಶಕ,
ಒಂದು ಕಾಲಿಗೆ ಇಟ್ಟಿಗೆ ಚೂರಿನ ಆಸರೆ.
"ಸ್ವಲ್ಪ ಜರುಗಿ ಟೀಚರಮ್ಮ" ಎಂದು ಆರೋಗ್ಯಸ್ವಾಮಿ
ಬಾಗಿ ನೋಡಿದರು: ಮಹಾವ್ಯಾಧನ ಕತ್ತಿಯಲ್ಲಿ
ಬೂದು ಹೊಗೆ, ಹೊಗೆಯೊಳಗೆ ನಾಲ್ಕು ಕಿಡಿ.
ಎಳೆಯವು, ಅಂದೆ. ಹತ್ತು ಲಕ್ಷ ವರ್ಷ ತುಂಬಿದ್ದರೆ ಹೆಚ್ಚು.

ನಕ್ಕರು. ಮೂವತ್ತೊಂದು ವರ್ಷ
ಕರಗಿದ ಕಬ್ಬಿಣದೆದುರು ನಿಂತವರ ಹುಬ್ಬಿಲ್ಲದ ನಗು.
ಜೇಬಿನಿಂದ ಹೊರಬಂತು ಒಂದು ನೀಲಿ ಗಾಜು,
ಬೆಂಕಿಯ ಕಣ್ಣಲ್ಲಿ ಕಣ್ಣಿಡಲು ಕಂಪನಿ ಕೊಟ್ಟದ್ದು.
"ಕೆಂಪಿದ್ರೆ ಇನ್ನೂ ಹಸಿ. ಬಿಳಿಯಾದ್ರೆ ದೂರ ನಿಲ್ಲು.
ನೀಲಿಗೆ ಕಾದದ್ದು ನಾನು ನೋಡಿಲ್ಲಮ್ಮ,
ಅಷ್ಟು ಕಾದರೆ ಕುಲುಮೆಯೇ ಉಳಿಯಲ್ಲ."
ಚುಕ್ಕಿಯೂ ಉಳಿಯಲ್ಲ, ಅಂದೆ.

ಮೊಬೈಲಿನಲ್ಲಿ ತೋರಿಸಿದೆ ಸುರುಳಿ ಗೆಲಾಕ್ಸಿ:
ತೋಳಿನುದ್ದಕ್ಕೂ ನೀಲಿ ಗಂಟು, ಗುಲಾಬಿ ಕಲೆ.
"ಇದು ಸುತ್ತುತ್ತಾ?" ಸುತ್ತುತ್ತೆ.
"ಹಾಗಾದ್ರೆ ಈ ತೋಳು ಸುತ್ತಿ ಸುತ್ತಿ
ದಾರದುಂಡೆ ಆಗಿಬಿಡಬೇಕಿತ್ತಲ್ಲ?"

ನನ್ನಪ್ಪ ರೈಲ್ವೆ ಗೇಟು ಕಾಯುತ್ತಿದ್ದ.
ಶಿಫ್ಟಿನ ಸೈರನ್ನಿಗೂ ತಾಳಗುಪ್ಪದ ಗಾಡಿಗೂ ಒಂದೇ ಹೊತ್ತು;
ಸೈಕಲ್ಲು, ಕಬ್ಬಿನ ಗಾಡಿ, ಟಿಫಿನ್ ಡಬ್ಬಿಗಳ ಸದ್ದು.
ಮುಂದಿನವರು ದಾಟಿದರು, ಹಿಂದಿನವರು ಬಂದು ಸೇರಿದರು,
ಜನ ಬದಲಾದರು, ಜಂಗುಳಿ ಅಲ್ಲೇ ಇತ್ತು.
ಆ ಜಂಗುಳಿಯ ಹೆಸರೇ ತೋಳು.

ಅಲ್ಲಿ ಮೋಡ ಮೋಡಕ್ಕೆ ಒತ್ತಿ ಹೆರಿಗೆ,
ಒಂದೊಂದಲ್ಲ, ಹಿಂಡು ಹಿಂಡು.
ದೊಡ್ಡವು ಉರಿದುರಿದು
ಗೇಟು ದಾಟುವ ಮೊದಲೇ ಮುಗಿಯುತ್ತವೆ,
ಅದಕ್ಕೇ ನೀಲಿಯೆಲ್ಲ ಅಲ್ಲೇ.
ನಮ್ಮ ಸೂರ್ಯ ಬಡಕಲ, ಎಷ್ಟೋ ಗೇಟು ದಾಟಿದವನು.
ಜೊತೆಗೆ ಹುಟ್ಟಿದವರು ಎಲ್ಲೆಲ್ಲೋ.

ಕೆಳಗೆ ಬೀಗ ಹಾಕಿದ ಸಾಲುಮನೆಗಳು.
ಒಂದೇ ವರ್ಷ ಅಲ್ಲಿ ಹುಟ್ಟಿದ್ದು ಒಂಬತ್ತು ಕೂಸು,
ತಮಿಳು ಅಳು, ಉರ್ದು ಅಳು, ಲಂಬಾಣಿ ಅಳು,
ಸೂಲಗಿತ್ತಿ ಒಬ್ಬಳೇ, ಹಾಲಮ್ಮ.
ಆರೋಗ್ಯಸ್ವಾಮಿ ಬೆರಳು ಮಡಚಿ ಹೆಸರು ಹೇಳತೊಡಗಿದರು,
ಏಳರ ತನಕ ಸಿಕ್ಕಿತು. ಎಂಟನೆಯದು ನಾನು.

"ಆ ಗೇಟು," ತುಂಬ ಹೊತ್ತಿನ ಮೇಲೆ ಕೇಳಿದರು,
"ಹಾಕೋದು ಯಾರು?"
ಅದರ ಬಗ್ಗೆ ಇನ್ನೂ ಜಗಳವಿದೆ, ಅಂದೆ.
ಅಪ್ಪನಾದರೆ ಫೋನು ಬಂದಾಗ ಹಾಕುತ್ತಿದ್ದ.

ಅವರು ನೀಲಿ ಗಾಜನ್ನು ಲುಂಗಿಯಂಚಿಗೆ ಒರೆಸಿ
ದೂರದರ್ಶಕದ ಕಣ್ಣಿಗೆ ಹಿಡಿದರು.
ಏನೂ ಕಾಣಲಿಲ್ಲ.
ಆದರೂ ರೂಢಿಯಂತೆ
ಒಂದು ಹೆಜ್ಜೆ ಹಿಂದೆ ಸರಿದು ನಿಂತರು.